ದೊಡ್ಡಪ್ಪನ ಹೊಟ್ಟೆಯ ಹಾಡು

ಅಫಜಲಪುರದಲ್ಲಿ ದೊಡ್ಡಪ್ಪ ಎಂಬ ಹೆಸರಿನ ಮನುಷ್ಯನೊಬ್ಬ ನಿಜವಾಗಿಯೂ ಇದ್ದಾನೆ ಎಂಬುದು ಶಾಂತಲಿಂಗಪ್ಪನಿಗೆ ಮೊದಲೇ ಗೊತ್ತಿದ್ದರೆ, ಅವನು ತನ್ನ ಹಾಡಿನಲ್ಲಿ ದೊಡ್ಡಪ್ಪನ ಬದಲು ಕಾಕಾನನ್ನೋ ಸೋದರಮಾವನನ್ನೋ ಸೇರಿಸಿಕೊಂಡು ಸುಖವಾಗಿರುತ್ತಿದ್ದ.

ಹಾಡು ಹುಟ್ಟಿದ್ದು ಅವನ ಊರು ಮಟಕಿಯಲ್ಲಿ. ಅವನ ಸ್ವಂತ ದೊಡ್ಡಪ್ಪ, ಅಂದರೆ ತಂದೆಯ ಅಣ್ಣ, ಒಂದು ಮದುವೆಯ ಪಂಕ್ತಿಯಲ್ಲಿ ಉಂಡು ಮೇಲೇಳಲಾಗದೆ ಇಬ್ಬರ ಕೈ ಹಿಡಿದು ಎದ್ದಿದ್ದ. ಅದನ್ನು ಕಂಡು ಶಾಂತಲಿಂಗಪ್ಪ ಅಲ್ಲೇ ನಾಲ್ಕು ಸಾಲು ಕಟ್ಟಿದ:

ಹೊಟ್ಟಿ ಬಂತೋ ಹೊಟ್ಟಿ ಬಂತೋ
ದೊಡ್ಡಪ್ಪನ ಹೊಟ್ಟಿ ಬಂತೋ
ಹೊಟ್ಟಿ ಬಂದು ತಾಸಿನ ಮ್ಯಾಲ
ಹಿಂದಿಂದ ದೊಡ್ಡಪ್ಪ ಬಂದ್ನೋ!

ಕೇಳಿದ ದೊಡ್ಡಪ್ಪ ಹೊಟ್ಟೆ ಕುಣಿಯುವಂತೆ ನಕ್ಕಿದ್ದ. ಅಲ್ಲಿಗೆ ಅದು ಮುಗಿಯಬೇಕಿತ್ತು.

ಆದರೆ ಶಾಂತಲಿಂಗಪ್ಪ ಮನೆಯಲ್ಲಿ ಕೂತು ಹಾಡುವವನಲ್ಲ. ಅವನ ಬಳಿ ಸೊಲ್ಲಾಪುರದ ಗುಜರಿ ಅಂಗಡಿಯಲ್ಲಿ ಸಿಕ್ಕ ಹಳೆಯ ಗಿಟಾರು ಇತ್ತು. ತಂತಿ ಹರಿದಾಗಲೆಲ್ಲ ಸೈಕಲ್ ಬ್ರೇಕಿನ ತಂತಿ ಬಿಚ್ಚಿ ಕಟ್ಟುತ್ತಿದ್ದುದರಿಂದ ಅದರ ದನಿ ಅರ್ಧ ವಾದ್ಯದ್ದು, ಅರ್ಧ ಸೈಕಲ್ಲಿನದು. ಜೊತೆಗೆ ಗೆಳೆಯ ಖಾಜಾ, ಮೊಹರಮ್ಮಿನಲ್ಲಿ ಬಾರಿಸುವ ತಾಸೆಯನ್ನು ವರ್ಷವಿಡೀ ಕೊರಳಿಗೆ ಹಾಕಿಕೊಂಡವನು. ಇಬ್ಬರೂ ಯಾವ ಮೇಳಕ್ಕೂ ಯಾವ ಕಂಪನಿಗೂ ಸೇರಿದವರಲ್ಲ. ಸರಕಾರಿ ಬಸ್ ಹತ್ತುವುದು, ಊರಲ್ಲಿ ಇಳಿಯುವುದು, ನಾಲ್ಕು ಜನ ನಿಂತಲ್ಲಿ ಹಾಡುವುದು, ಕೇಳಿದವರ ಕಟ್ಟೆಯ ಮೇಲೆ ಮಲಗುವುದು. ಹಾಡುವುದೆಂದರೂ ಅದು ಹಾಡಿನಂತಿರಲಿಲ್ಲ. ಶಾಂತಲಿಂಗಪ್ಪ ಎಂದು ಹೆಸರಿಟ್ಟ ಅಜ್ಜಿ ಅವನ ದನಿ ಕೇಳುವ ಮೊದಲೇ ತೀರಿಕೊಂಡಿದ್ದಳು. ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಮೊದಲ ಸಲ ಹಾಡಿದಾಗ ಒಬ್ಬ ಮುದುಕ ಕಿವಿಯಿಂದ ಕೈ ತೆಗೆದು ಕೇಳಿದ:

“ತಮ್ಮಾ, ಇದು ಭಜನಿ ಅಲ್ಲ, ಕವ್ವಾಲಿನೂ ಅಲ್ಲ. ಏನಿದು?”

“ಜಗಳಾರೀ ಕಾಕಾ,” ಎಂದ ಖಾಜಾ. “ತಾಳ ಹಾಕಿ ಮಾಡೋ ಜಗಳ.”

ಆದರೂ ಜನ ಸೇರುತ್ತಿದ್ದರು. ಹಾಡುವ ಮುಂಚೆ ಶಾಂತಲಿಂಗಪ್ಪ “ನಿಮ್ಮೂರಾಗ ಏನ್ ತ್ರಾಸ ಅದ ಹೇಳ್ರಿ” ಎಂದು ಕೇಳುತ್ತಿದ್ದ. ಯಾರೋ ಬಸ್ಸು ಎನ್ನುತ್ತಿದ್ದರು, ಯಾರೋ ಕರೆಂಟು ಎನ್ನುತ್ತಿದ್ದರು. ಆ ತ್ರಾಸವೇ ಹಾಡಿನ ಮುಂದಿನ ಸಾಲಾಗುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡದ ಓಣಿಯವರು ಕೂಡ ಸಾಲು ಕೂಡಿಸುವಾಗ ಒಟ್ಟಿಗೆ ನಿಂತು ಗಂಟಲು ಹರಿದುಕೊಳ್ಳುತ್ತಿದ್ದರು. ಅದನ್ನು ನೋಡುವ ಸುಖಕ್ಕೇ ಶಾಂತಲಿಂಗಪ್ಪ ಬಿಸಿಲು, ಧೂಳು, ತಿಗಣೆ ಎಲ್ಲವನ್ನೂ ಸಹಿಸಿಕೊಂಡಿದ್ದ.

ಎಂಬತ್ತೆಂಟನೆಯ ಇಸವಿಯ ಬೇಸಿಗೆ. ಮಾದನಹಿಪ್ಪರಗಾದಲ್ಲಿ ಹಾಡು ಮುಗಿಸಿ ಇಬ್ಬರೂ ಬೆಳಗಿನ ಬಸ್ಸಿಗೆ ಅಫಜಲಪುರಕ್ಕೆ ಹೊರಟಿದ್ದರು. ಅಂದು ಅಲ್ಲಿ ಸಂತೆ. ಮಧ್ಯಾಹ್ನ ಸಂತೆ ಮೈದಾನದಲ್ಲಿ ಹಾಡುವುದೆಂದು ಚಹಾದಂಗಡಿಯ ಚಮನಸಾಬ ಊರಿಗೆಲ್ಲ ಹೇಳಿಟ್ಟಿದ್ದ. ಅದು ಮುಗಿದ ಮೇಲೆ ಸಂಜೆಯ ಬಸ್ಸಿಗೆ ಜೇವರ್ಗಿ.

ಟಿಕೆಟ್ ಕೊಡಲು ಬಂದ ಕಂಡಕ್ಟರ್ ಹಣಮಂತ್ರಾಯ ಗಿಟಾರು ನೋಡಿದ, ತಾಸೆ ನೋಡಿದ, ಸೀಟಿಯನ್ನು ಬಾಯಿಂದ ತೆಗೆದ.

“ನೀವು ಹೊಟ್ಟಿ ಬಂತೋ ಹಾಡಿನವ್ರಲ್ಲೇನು?”

ಶಾಂತಲಿಂಗಪ್ಪನಿಗೆ ಹೆಮ್ಮೆಯಾಯಿತು. “ಹೌದ್ರಿ. ಅಫಜಲಪುರ ಮಂದಿಗೂ ಗೊತ್ತದೇನ್ರಿ?”

“ಗೊತ್ತದೇನು! ಇಡೀ ಊರು ಹಾಡಾಕತ್ತದ. ಭಾಳ ಧೈರ್ಯ ಬಿಡು ನಿಂದು. ದೊಡ್ಡಪ್ಪನ ಹೆಸರ ತೊಗೊಂಡು ಹಾಡೂದಂದ್ರ ಸಣ್ಣ ಮಾತಲ್ಲ.”

“ಯಾವ ದೊಡ್ಡಪ್ಪ?”

“ಯಾವ ದೊಡ್ಡಪ್ಪ ಅಂತ ಕೇಳ್ತಾನ ನೋಡ್ರಿ!” ಎಂದು ಹಣಮಂತ್ರಾಯ ಇಡೀ ಬಸ್ಸಿಗೆ ಹೇಳಿದ. ಬಸ್ಸು ನಕ್ಕಿತು. “ಹತ್ತಿ ಮಿಲ್ಲಿನ ದೊಡ್ಡಪ್ಪ ಸಾವ್ಕಾರ. ಹೊಟ್ಟಿ ಅಂದ್ರ ಹೊಟ್ಟಿ ಅವಂದು. ನಮ್ಮ ಬಸ್ಸಿಗಿ ಬಂದ್ರ ಹಿಂದಿನ ಬಾಗಲದಿಂದ ಏರಸ್ತೇವಿ, ಮುಂದಿಂದು ಸಾಲಂಗಿಲ್ಲ. ನಿನ್ನ ಹುಡುಕಾಕತ್ತ್ಯಾನ ಅಂವ. ಎರಡ ಆಳು ಬಸ್‌ಸ್ಟ್ಯಾಂಡಿನ್ಯಾಗ ನಿಂದ್ರಿಸ್ಯಾನ.”

ಶಾಂತಲಿಂಗಪ್ಪನ ಮುಖ ಹಿಟ್ಟು ಸೋಸುವ ಅರಿವೆಯ ಹಾಗೆ ಬೆಳ್ಳಗಾಯಿತು.

“ಅಣ್ಣಾ, ಅದು ನಮ್ಮ ದೊಡ್ಡಪ್ಪನ ಮ್ಯಾಲ ಕಟ್ಟಿದ್ದು. ನಮ್ಮಪ್ಪನ ಅಣ್ಣ! ಮಟಕ್ಯಾಗ ಅದಾನ, ಬೇಕಾದ್ರ ಕೇಳ್ರಿ!”

“ನಾ ನಂಬತೇನಪ್ಪಾ,” ಎಂದು ಹಣಮಂತ್ರಾಯ ಕನಿಕರದಿಂದ ಹೇಳಿದ. “ಆದ್ರ ಆ ಎರಡ ಆಳು ನಂಬಬೇಕಲ್ಲ. ಒಬ್ಬೊಬ್ಬನ ತೋಳು ಜ್ವಾಳ ತುಂಬೋ ಹಗೇವಿನ ಬಾಯಿಯಷ್ಟು ಅದಾವ.”

ಶಾಂತಲಿಂಗಪ್ಪ ಖಾಜಾನ ಕಡೆ ತಿರುಗಿದ. ಖಾಜಾ ಶೇಂಗಾ ಸುಲಿಯುತ್ತಿದ್ದ.

“ಖಾಜಾ, ಇಳಿದ ಮಟಕಿಗಿ ಹೋಗೂನೇನು?”

“ಅರೆ ಯಾರ, ಊರ ಮಂದಿ ಕಾಯಾಕತ್ತ್ಯಾರ. ಬರ್ತೇನಂತ ಹೇಳಿ ಬರಲಾರದಾಂವ ಗವಯ್ಯಾ ಅಲ್ಲ, ನಳದ ನೀರು.” ಖಾಜಾ ಒಂದು ಕಾಳು ಬಾಯಿಗೆ ಎಸೆದುಕೊಂಡ. “ಹೊಡದ್ರ ನಿನ್ನ ಹೊಡೀತಾರ. ನಾ ತಾಸೆ ಬಾರಸಾಂವ. ಅದರಾಗ ಏನ್ ಹೆಸರದ?”

ಹಣಮಂತ್ರಾಯ ಉಪಕಾರಿ. ಬಸ್‌ಸ್ಟ್ಯಾಂಡಿಗೆ ಸ್ವಲ್ಪ ಮೊದಲೇ, ದನದ ಸಂತೆಯ ಪಕ್ಕದಲ್ಲಿ ಸೀಟಿ ಹೊಡೆದು ಬಸ್ ನಿಲ್ಲಿಸಿದ. ಅಷ್ಟೇ ಅಲ್ಲ, ಗಿಟಾರು ಯಾರಿಗೂ ಕಾಣಬಾರದೆಂದು ಡ್ರೈವರ್ ಸೀಟಿನ ಮೇಲೆ ಹಾಸಿದ್ದ ಹಳೆಯ ಕೌದಿಯನ್ನು ಎಳೆದು ಕೊಟ್ಟ. ಶಾಂತಲಿಂಗಪ್ಪ ಗಿಟಾರನ್ನು ಅದರಲ್ಲಿ ಸುತ್ತಿ ಎದೆಗೆ ಅವಚಿಕೊಂಡು, ತಲೆ ತಗ್ಗಿಸಿ, ಗೋಡೆಯ ನೆರಳಿನಲ್ಲಿ ನಡೆದ.

ಇಪ್ಪತ್ತು ಹೆಜ್ಜೆಗೆ ಒಬ್ಬ ಹೆಂಗಸು ಅಡ್ಡ ಬಂದಳು. ಸೊಂಟದಲ್ಲಿ ಖಾಲಿ ಕೊಡ, ಹಣೆಯ ತುಂಬ ವಿಭೂತಿ. ಅವಳು ಖಾನಾವಳಿ ನಡೆಸುವ ಗುರುಬಾಯಿ. ಊರಿನಲ್ಲಿ ಯಾರ ಮನೆಯ ಕೂಸು ಅತ್ತರೂ ಅವಳಿಗೆ ಮೊದಲು ಗೊತ್ತಾಗುತ್ತಿತ್ತು.

“ಯಪ್ಪಾ, ಇಂಥಾ ಬಿಸಲಾಗ ಕೂಸಿಗಿ ಕೌದಿ ಸುತ್ತೀಯಲ್ಲೋ! ಜ್ವರಾ ಬಂದಾವೇನು?”

ಶಾಂತಲಿಂಗಪ್ಪ ಹಿಂದೆ ಮುಂದೆ ನೋಡಿದ. ಹೌದೆಂದರೆ ಸುಲಭ ಅನ್ನಿಸಿತು. “ಹೌದ್ರಿ ಯವ್ವಾ. ಜ್ವರಾ.”

“ಎಷ್ಟ ಉದ್ದ ಅದಲ್ಲೋ ಕೂಸು!”

“ಅವರ ತಾಯಿ ಕಡಿಯವ್ರು ಎತ್ತರ ಅದಾರ್ರಿ.”

ಗುರುಬಾಯಿ ಕೈ ಚಾಚಿ ಕೌದಿಯ ಮೇಲೆ ಮೆಲ್ಲಗೆ ತಟ್ಟಿದಳು. ಒಳಗಿನಿಂದ ಬ್ರೇಕಿನ ತಂತಿ ‘ಟ್ರೊಂಯ್’ ಎಂದಿತು. ಅವಳು ಕೈ ಹಿಂದೆಳೆದುಕೊಂಡಳು.

“ಯವ್ವಾ ಶಿವನ! ಹೊಟ್ಟಿ ತುಂಬ ಗಾಳಿ ಆಗ್ಯದ! ಬಾ ನಡಿ ಮನಿಗಿ, ಅಜವಾನದ ನೀರ ಹಾಕತೇನಿ.”

“ಬ್ಯಾಡ್ರಿ ಯವ್ವಾ…”

“ಬ್ಯಾಡಂತಾನ! ನಿಮ್ಮ ಗಂಡಸರ ಕೈಯಾಗ ಕೂಸ ಕೊಟ್ಟವ್ರಿಗೆ ಬುದ್ಧಿ ಇಲ್ಲ.” ಅವಳು ಬೀದಿಯ ಕಡೆ ತಿರುಗಿ ಕೂಗಿದಳು. “ಯಾರರೆ ಬರ್ರೇ, ಇಲ್ಲಿ ಒಂದ ಕೂಸಿನ ಹೊಟ್ಟಿ ಸಪ್ಪಳ ಮಾಡಾಕತ್ತದ!”

ಕ್ಷಣದಲ್ಲಿ ನಳದ ಬಳಿ ಕೊಡ ಇಟ್ಟು ನಿಂತಿದ್ದ ಹೆಂಗಸರೆಲ್ಲ ಬಂದು ಸುತ್ತುವರಿದರು. ಒಬ್ಬಳು ದೃಷ್ಟಿ ತೆಗೆಯಬೇಕೆಂದಳು, ಇನ್ನೊಬ್ಬಳು ದರ್ಗಾದ ಉದಿ ಹಚ್ಚಬೇಕೆಂದಳು, ಮೂರನೆಯವಳು ಏನೂ ಹೇಳದೆ ಕೌದಿ ಎತ್ತಿಯೇಬಿಟ್ಟಳು.

ಹೆಂಗಸರೆಲ್ಲ ಗಿಟಾರಿನ ಮೇಲೆ ಬಗ್ಗಿದರು. ಆಮೇಲೆ ಗುರುಬಾಯಿ ಶಾಂತಲಿಂಗಪ್ಪನ ಮುಖವನ್ನೂ ಹಿಂದೆ ನಿಂತಿದ್ದ ಖಾಜಾನ ತಾಸೆಯನ್ನೂ ನೋಡಿ ಕೊಡ ಕೆಳಗಿಟ್ಟಳು.

“ಹೊಟ್ಟಿ ಬಂತೋ ಹಾಡಿನಾಂವ! ಇಂವನ ಬೇ!”

“ಮೆಲ್ಲಕ ಯವ್ವಾ, ಮೆಲ್ಲಕ!” ಶಾಂತಲಿಂಗಪ್ಪ ಕೈ ಮುಗಿದ.

ಮೆಲ್ಲಗೆ ಎಂಬ ಶಬ್ದ ಆ ಹೆಂಗಸರಿಗೆ ಪರಿಚಯವಿರಲಿಲ್ಲ. ಅವರು ಕೊಡಗಳ ಮೇಲೆ ಬಳೆ ಬಾರಿಸುತ್ತ ಹಾಡಿಯೇಬಿಟ್ಟರು. ಮೊದಲ ನಾಲ್ಕು ಸಾಲು ಅವನದೇ. ಶಾಂತಲಿಂಗಪ್ಪನಿಗೆ ಹೆದರಿಕೆಯ ನಡುವೆಯೂ ಒಳಗೊಳಗೆ ಸಂತೋಷವಾಯಿತು. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ:

ಊರ ನಳದಾಗ ಗಾಳಿ ಬರ್ತದ
ಕೊಡದಾಗ ಕಪ್ಪಿ ಕುಂತು ಅಳ್ತದ
ನೆಲದಾಗಿನ ಪೈಪು ಎಲ್ಲಿಗಿ ಹೋಗ್ತದ?
ದೊಡ್ಡಪ್ಪನ ಮಿಲ್ಲಿಗಿ ಹೋಗ್ತದ!

ಶಾಂತಲಿಂಗಪ್ಪನಿಗೆ ಕಾಲಿನ ಕೆಳಗೆ ಅದೇ ಪೈಪು ಒಡೆದಂತಾಯಿತು.

“ಯವ್ವಾ, ಇದು ನಾ ಕಟ್ಟಿದ್ದಲ್ಲ!”

“ಗೊತ್ತದ ಬಿಡೋ,” ಎಂದಳು ಗುರುಬಾಯಿ. “ಇಲ್ಲಿ ಪಾಳೇದಾಗ ನಿಂತು ನಾವ ಕಟ್ಟೇವಿ. ಎರಡ ತಿಂಗಳಾತು ನಳಕ್ಕ ನೀರಿಲ್ಲ. ಊರ ನೀರಿನ ಟಾಕಿಯಿಂದ ಮಿಲ್ಲಿಗಿ ಪೈಪ ಹಾಕ್ಯಾನ ಅಂವ. ಊರಿಗೆಲ್ಲ ಗೊತ್ತದ, ಎದುರಿಗೆ ಅನ್ನಾಕ ಯಾರಿಗೂ ಬಾಯಿಲ್ಲ. ನಿನ್ನ ಹಾಡ ಬಂದ ಮ್ಯಾಲ ಬಾಯಿ ಬಂತು ನೋಡು.”

“ಮತ್ತ ಯಾರು ಕಟ್ಟಿದ್ದಂತ ಹೇಳೀರಿ?”

“ನೀ ಕಟ್ಟಿದ್ದಂತ.”

“ಯಾಕ್ರೀ!”

“ನೀ ಊರಾಗ ಇರಂಗಿಲ್ಲಲ್ಲ.”

ಗುರುಬಾಯಿ ಅವನನ್ನು ತನ್ನ ಹಿತ್ತಲ ದಾರಿಯಿಂದ ಚಮನಸಾಬನ ಚಹಾದಂಗಡಿಗೆ ದಾಟಿಸಿದಳು. ಬಿಡುವ ಮುಂಚೆ ಎರಡು ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಕೊಟ್ಟಳು. ಖಾಜಾ ಎರಡನ್ನೂ ತಿಂದ.

ಚಮನಸಾಬ ದಾಡಿಗೆ ಮದರಂಗಿ ಹಚ್ಚಿದ, ಯಾವ ಸಂಕಟಕ್ಕೂ ಒಂದು ಕಪ್ಪು ಚಹಾ ಮುಂದಿಡುವ ಮನುಷ್ಯ. ಶಾಂತಲಿಂಗಪ್ಪ ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ಮೂರು ಕಪ್ಪು ಮುಂದೆ ಬಂದು ನಿಂತಿದ್ದವು.

“ಇವತ್ತ ಹಾಡೂದ ಬ್ಯಾಡ್ರಿ ಚಾಚಾ.”

“ಹ್ಯಾಂಗ ಬ್ಯಾಡ? ಹಳ್ಳಿ ಹಳ್ಳಿಯಿಂದ ಬಂಡಿ ಕಟಗೊಂಡು ಬಂದಾರ. ನೀ ಹಾಡಲಿಲ್ಲಂದ್ರ ಮಂದಿ ನನ್ನ ಅಂಗಡಿ ಕಿತ್ತಗೊಂಡ ಹೋಗ್ತಾರ.”

“ಬ್ಯಾರೆ ಹಾಡ ಹಾಡತೇನಿ.”

“ಬ್ಯಾರೆ ಹಾಡ ಕೇಳಾಕ ರೇಡಿಯೋ ಅದ ಬೇಟಾ. ಮಂದಿ ಬಂದದ್ದ ಹೊಟ್ಟಿ ಸಲುವಾಗಿ.”

ಅಷ್ಟರಲ್ಲಿ ಹೊರಗೆ ಭಾರವಾದ ಜೋಡುಗಳ ಸದ್ದು. ಚಮನಸಾಬ ಇಣುಕಿದವನೇ, “ಸಾವ್ಕಾರನ ಆಳು!” ಎಂದು ಪಿಸುಗುಟ್ಟಿದ. ಶಾಂತಲಿಂಗಪ್ಪ ಇದ್ದಿಲ ಚೀಲಗಳ ಹಿಂದೆ ಬಗ್ಗಿದ. ಬಗ್ಗುವ ಅವಸರದಲ್ಲಿ ಒಂದು ಚೀಲ ಅವನ ತಲೆಯ ಮೇಲೆಯೇ ಬರಿದಾಯಿತು.

“ಹಾಡಾಂವ ಬಂದಾನೇನು ಸಾಬ?” ಎಂದಿತು ಒಂದು ದಪ್ಪ ದನಿ.

“ಇನ್ನಾ ಇಲ್ರಿ.”

“ಬಂದ್ರ ಹೇಳು. ನಮ್ಮ ಸಾವ್ಕಾರ್ರು ಮುಂದಿನ ಸಾಲಿನ್ಯಾಗ ಕುಂಡ್ರತಾರಂತ. ಖಾಸ ಅಂವನ್ನ ನೋಡಾಕ ಬರಾಕತ್ತ್ಯಾರಂತ.” ಜೋಡುಗಳು ಎರಡು ಹೆಜ್ಜೆ ಹೋಗಿ ತಿರುಗಿ ಬಂದವು. “ಹಾಡ ಮುಗದ ಮ್ಯಾಲ ಎಲ್ಲಿಗೂ ಹೋಗಬಾರದಂತ.”

ಅವರು ಹೋದ ಮೇಲೆ ಇದ್ದಿಲ ಗುಡ್ಡೆಯಿಂದ ಎರಡು ಕಣ್ಣು ಮಾತ್ರ ಬಿಳಿಯಾಗಿದ್ದ ಒಂದು ಆಕೃತಿ ಎದ್ದಿತು. ಅದರ ಹಲ್ಲುಗಳು ಖಾಜಾನ ತಾಸೆಗಿಂತ ಜೋರಾಗಿ ತಾಳ ಹಾಕುತ್ತಿದ್ದವು.

“ಹೆಸರ ಬದಲ ಮಾಡತೇನಿ,” ಎಂದ ಶಾಂತಲಿಂಗಪ್ಪ. “ದೊಡ್ಡಪ್ಪನ ತಗದು ಬ್ಯಾರೆ ಯಾರನ್ನರೆ ಹಾಕತೇನಿ. ಹೊಟ್ಟಿ ಇರ್ಲಿ, ಪೈಪು ತಗದಬಿಡತೇನಿ.”

ಇದು ಎಲ್ಲರಿಗೂ ಸರಿ ಕಂಡಿತು. ಆದರೆ ಹೆಸರು ಹುಡುಕುವುದು ಅಷ್ಟು ಸುಲಭವಾಗಿರಲಿಲ್ಲ. ಚಹಾ ಕುಡಿಯಲು ಬಂದವರೆಲ್ಲ ಬೆಂಚು ಎಳೆದುಕೊಂಡು ಸೇರಿಕೊಂಡರು. ಕಾಕಾ ಎಂದರೆ, ಫೌಜದಾರರಿಗೆ ಊರೆಲ್ಲ ಕಾಕಾ ಎನ್ನುತ್ತದೆ, ಬೇಡ ಎಂದರು. ಗೌಡ ಎಂದರೆ, ಸುತ್ತ ಹನ್ನೆರಡು ಗೌಡರಿದ್ದಾರೆ, ಹನ್ನೆರಡೂ ಜನಕ್ಕೆ ಹೊಟ್ಟೆಯಿದೆ ಎಂದರು. ಮಾಸ್ತರ ಎನ್ನಬಹುದು ಎಂದು ಒಬ್ಬ ಹೇಳಿದ. ಮೂಲೆಯಲ್ಲಿ ಕೂತಿದ್ದ ಮಾಸ್ತರರೊಬ್ಬರು ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ಅವರನ್ನು ಸಮಾಧಾನ ಮಾಡಿ ಕೂರಿಸಬೇಕಾಯಿತು. ಮಾವ ಎಂದಾಗ ಚಮನಸಾಬನೇ ಒಪ್ಪಲಿಲ್ಲ.

“ನನ್ನ ಮಾವ ಮುಂದಿನ ಓಣ್ಯಾಗ ಅದಾನ. ಮೊದಲ ಮಾತ ಬಿಟ್ಟಾನ ನನ್ನ ಕೂಡ.”

ಕೊನೆಗೆ ಖಾಜಾ ಸಾಸರಿನಿಂದ ತುಟಿ ತೆಗೆದು ಹೇಳಿದ, “ದೂರ ಇದ್ದವ್ರನ್ನ ಹಾಕ್ರಿ. ಸೊಲ್ಲಾಪುರ ಶೇಟ ಅನ್ರಿ. ಈ ಊರಾಗ ಸಾವ್ಕಾರ್ರ ಅದಾರ, ಶೇಟ ಯಾರೂ ಇಲ್ಲ. ಸೊಲ್ಲಾಪುರದವ್ರು ಸಿಟ್ಟಾದ್ರ ಆಗ್ಲಿ. ಈ ಬಿಸಲಾಗ ಬಸ್ ಹತ್ತಿ ಹಾಡ ಕೇಳಾಕ ಬರ್ತಾರೇನು?”

ಎಲ್ಲರೂ ಅವನ ಬೆನ್ನು ತಟ್ಟಿದರು. ಶಾಂತಲಿಂಗಪ್ಪನಿಗೆ ಬೆಳಗಿನಿಂದ ಮೊದಲ ಬಾರಿಗೆ ಉಸಿರು ಹೊಟ್ಟೆಯ ತನಕ ಇಳಿಯಿತು. ಮುಖ ತೊಳೆದುಕೊಳ್ಳಲು ನೀರು ಕೇಳಿದ. ನೀರಿರಲಿಲ್ಲ. ಉಳಿದಿದ್ದ ತಣ್ಣನೆಯ ಚಹಾದಲ್ಲೇ ಅರಿವೆ ಅದ್ದಿ ಒರೆಸಿಕೊಂಡ.

ಸಂತೆ ಮೈದಾನ ಕಿಕ್ಕಿರಿದಿತ್ತು. ಮೆಣಸಿನಕಾಯಿ ಮಾರುವವರು ಚೀಲದ ಬಾಯಿ ಕಟ್ಟಿ ಬಂದಿದ್ದರು, ಬಳೆ ಮಾರುವ ಪ್ಯಾರಿಬಿ ಮಲಾರವನ್ನು ಹೊತ್ತುಕೊಂಡೇ ನಿಂತಿದ್ದಳು, ಗುರುಬಾಯಿಯ ಹಿಂದೆ ಹೆಂಗಸರು ಖಾಲಿ ಕೊಡ ಹಿಡಿದು ಸಾಲಾಗಿ ನಿಂತಿದ್ದರು. ನಳಕ್ಕೆ ಯಾವಾಗ ನೀರು ಬಂದೀತೋ ಎಂದು ಅವರು ಆ ಬೇಸಿಗೆಯಲ್ಲಿ ಎಲ್ಲಿ ಹೋದರೂ ಕೊಡ ಬಿಟ್ಟು ಹೋಗುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ, ಮಿಲ್ಲಿನಿಂದ ತಂದ ಕುರ್ಚಿಯ ಮೇಲೆ, ಒಂದು ಹೊಟ್ಟೆ ಕೂತಿತ್ತು. ಅದರ ಹಿಂದೆ ಎಲ್ಲೋ ದೊಡ್ಡಪ್ಪ ಸಾವ್ಕಾರ ಇದ್ದ. ಪಕ್ಕದ ಕುರ್ಚಿಯಲ್ಲಿ ಕರಿ ಟೋಪಿ, ಬಿಳಿ ಧೋತರದ ಇನ್ನೊಬ್ಬರು. ಅವರದೂ ಕಡಿಮೆಯ ಹೊಟ್ಟೆಯಲ್ಲ. ಹಿಂದೆ ಆ ಎರಡು ಆಳು ಕೈ ಕಟ್ಟಿ ನಿಂತಿದ್ದರು.

ಶಾಂತಲಿಂಗಪ್ಪ ಅವರನ್ನೇ ನೋಡುತ್ತ ಗಿಟಾರಿನ ಮೈಯನ್ನು ಬೆರಳಿನಿಂದ ಕುಟ್ಟುತ್ತಿದ್ದ. ಖಾಜಾ ಅದನ್ನೇ ತಾಳವೆಂದು ತಿಳಿದು ತಾಸೆ ಎತ್ತಿಕೊಂಡ. ಬೇರೆ ದಾರಿಯಿಲ್ಲದೆ ಶಾಂತಲಿಂಗಪ್ಪ ಗಿಟಾರಿಗೆ ಕೈ ಬೀಸಿ ಕಣ್ಣು ಮುಚ್ಚಿ ಅರಚಿದ:

ಹೊಟ್ಟಿ ಬಂತೋ ಹೊಟ್ಟಿ ಬಂತೋ
ಸೊಲ್ಲಾಪುರ ಶೇಟನ ಹೊಟ್ಟಿ ಬಂತೋ!

ಜನ ಸೇರಿ ಹಾಡಲಿಲ್ಲ. ಶಾಂತಲಿಂಗಪ್ಪ ಒಂದು ಕಣ್ಣು ತೆರೆದ. ಕರಿ ಟೋಪಿಯವರು ಕುರ್ಚಿಯಿಂದ ಎದ್ದು ನಿಂತಿದ್ದರು. ಮುಖ ಮಾತ್ರವಲ್ಲ, ಕೊರಳೂ ಕೆಂಪಾಗಿತ್ತು.

“ಕಾಯ್ ಹೋ ಬೀಗರ, ಏನಿದು! ಹಾಡು ಕೇಳಸ್ತೀನಂತ ಸೊಲ್ಲಾಪುರದಿಂದ ಕರಸಿ, ನನ್ನ ಹೊಟ್ಟಿ ಮ್ಯಾಲ ಹಾಡಸ್ತೀರೇನು? ನಾಲ್ಕ ಮಂದ್ಯಾಗ?”

ದೊಡ್ಡಪ್ಪ ಸಾವ್ಕಾರನೂ ಎದ್ದ. ಎದ್ದದ್ದು ಅವಸರದಲ್ಲಾದ್ದರಿಂದ ಕುರ್ಚಿಯೂ ಅವನ ಜೊತೆಗೇ ಎದ್ದಿತು. ಆಳುಗಳು ಹಿಂದಿನಿಂದ ಎಳೆದು ಬಿಡಿಸಿದರು.

“ಬೀಗರ, ನಿಮ್ಮ ಹೊಟ್ಟಿ ಅಲ್ರಿ ಅದು! ನನ್ನ ಹೊಟ್ಟಿ! ಬಸವಣ್ಣನ ಆಣಿ, ಊರೆಲ್ಲ ಹಾಡೂದು ನನ್ನ ಹೊಟ್ಟಿ!” ಅವನು ಶಾಂತಲಿಂಗಪ್ಪನ ಕಡೆ ತಿರುಗಿದ. ದನಿಯಲ್ಲಿ ಸಿಟ್ಟಿಗಿಂತ ಅಳು ಹೆಚ್ಚಿತ್ತು. “ಯಾಕ ತಗದಿ ಲೇ ನನ್ನ ಹೆಸರ? ಏನ್ ತಪ್ಪ ಮಾಡೇನಿ ನಾ?”

ಶಾಂತಲಿಂಗಪ್ಪ ಖಾಜಾನ ಕಡೆ ನೋಡಿದ.

“ನನ್ನ ಮಗಳನ್ನ ಇವರ ಮನಿಗಿ ಕೊಡಾಕತ್ತೇನಿ,” ಎಂದು ದೊಡ್ಡಪ್ಪ ಇಡೀ ಮೈದಾನಕ್ಕೆ ದೂರು ಹೇಳಿದ. “ನನ್ನ ಹೆಸರಿಲೆ ಒಂದ ಹಾಡು ನಾಲ್ಕ ತಾಲೂಕ ತಿರಗಾಕತ್ತದ್ರಿ, ಬರ್ರಿ, ಕಿವಿಲೆ ಕೇಳ್ರಿ ಅಂತ ಕರಕೊಂಡ ಬಂದೇನಿ. ಮುಂಜಾನಿಂದ ಇಂವನ್ನ ಮನಿಗಿ ಕರದ ಊಟಾ ಹಾಕಬೇಕಂತ ಆಳ ಕಳಿಸೇನಿ, ಕೈಗೇ ಸಿಗವಲ್ಲ. ಈಗ ನೋಡಿದ್ರ ನನ್ನ ಜಾಗಾದಾಗ ಬೀಗರನ್ನ ಕುಂಡ್ರಿಸ್ಯಾನ!”

ಬೆಳಗಿನಿಂದ ತಾನು ಓಡಿದ್ದೆಲ್ಲ ಒಂದು ಊಟದಿಂದ ತಪ್ಪಿಸಿಕೊಳ್ಳಲು ಎಂದು ಶಾಂತಲಿಂಗಪ್ಪನಿಗೆ ಆಗ ತಿಳಿಯಿತು. ನಗಬೇಕೋ ಅಳಬೇಕೋ ತಿಳಿಯದೆ ಗಿಟಾರನ್ನು ಅವಚಿಕೊಂಡ.

“ಹಾಡು ಈಗ!” ಎಂದ ದೊಡ್ಡಪ್ಪ. “ಮೊದಲ ಹ್ಯಾಂಗಿತ್ತೋ ಹಂಗ. ಒಂದ ಅಕ್ಷರ ಬದಲ ಆಗಬಾರದು. ಪೂರಾ ಹಾಡಬೇಕು!”

“ಪೂರಾ… ಬ್ಯಾಡ್ರಿ ಸಾವ್ಕಾರ್ರ. ನಾಲ್ಕ ಸಾಲು ಸಾಕು.”

“ಪೂರಾ!”

ಆಳುಗಳು ಒಂದು ಹೆಜ್ಜೆ ಮುಂದೆ ಬಂದರು. ಶಾಂತಲಿಂಗಪ್ಪ ಹಾಡಿದ. ದೊಡ್ಡಪ್ಪನ ಹೆಸರು ಬಂದ ಕೂಡಲೇ ಮೈದಾನಕ್ಕೆ ಜೀವ ಬಂತು. ಸಾವಿರ ಗಂಟಲು ಒಟ್ಟಿಗೆ ಏರಿದವು. ದೊಡ್ಡಪ್ಪ ಬೀಗರ ಕಡೆ ನೋಡಿ ಕಣ್ಣರಳಿಸಿದ, ಎರಡೂ ಕೈಯಿಂದ ತನ್ನ ಹೊಟ್ಟೆಯ ಮೇಲೆ ತಾಳ ಹಾಕಿದ. ಬೀಗರು ಮೆಲ್ಲಗೆ ಕೂತರು. ಮೀಸೆಯ ತುದಿಯಲ್ಲಿ ನಗು ಕೂಡ ಬಂತು.

ನಾಲ್ಕು ಸಾಲು ಮುಗಿದವು. ಶಾಂತಲಿಂಗಪ್ಪ ತಂತಿಯ ಮೇಲೆ ಅಂಗೈ ಒತ್ತಿ ನಿಲ್ಲಿಸಿದ. ಆದರೆ ಖಾಜಾನ ತಾಸೆ ನಿಲ್ಲಲಿಲ್ಲ. ಅವನಿಗೆ ಒಮ್ಮೆ ಶುರುವಾದರೆ ಕಿವಿ ಕೇಳುತ್ತಿರಲಿಲ್ಲ. ಆ ತಾಳದ ಮೇಲೆ ಗುರುಬಾಯಿಯ ದನಿ ಎದ್ದಿತು. ಅವಳ ಹಿಂದೆ ಇಡೀ ನಳದ ಪಾಳಿ.

ಊರ ನಳದಾಗ ಗಾಳಿ ಬರ್ತದ…

ದೊಡ್ಡಪ್ಪ ಈ ಸಾಲು ಕೇಳಿರಲಿಲ್ಲ. ಅವನು ಬರುವುದನ್ನು ಕಂಡರೆ ಊರವರು ಮೊದಲ ನಾಲ್ಕಕ್ಕೇ ನಿಲ್ಲಿಸಿಬಿಡುತ್ತಿದ್ದರು. ಹಾಡು ಇನ್ನೂ ಉದ್ದವಿದೆಯೆಂದು ಖುಷಿಯಾಗಿ ಅವನು ಹೊಟ್ಟೆಯ ತಾಳ ಮುಂದುವರಿಸಿದ. ಕೊಡದ ಕಪ್ಪೆಗೆ ಗಹಗಹಿಸಿ ನಕ್ಕ. ಪೈಪು ಎಲ್ಲಿಗೆ ಹೋಗುತ್ತದೆ ಎಂದು ಹಾಡು ಕೇಳಿದಾಗ ಕುತೂಹಲದಿಂದ ಮುಂದೆ ಬಗ್ಗಿದ.

ಸಾವಿರ ಗಂಟಲು ಉತ್ತರ ಹೇಳಿದವು.

ತಾಳ ಹಾಕುತ್ತಿದ್ದ ಕೈ ಹೊಟ್ಟೆಗೆ ಅಂಟಿಕೊಂಡಿತು. ತಾಸೆಯೂ ನಿಂತಿತು. ಮೂಲೆಯಲ್ಲಿ ಯಾವುದೋ ಎಮ್ಮೆ ಮಾತ್ರ ಉಸಿರು ಬಿಟ್ಟಿತು. ಶಾಂತಲಿಂಗಪ್ಪ ಮನಸ್ಸಿನಲ್ಲೇ ತಾಯಿಗೂ ಮಟಕಿಗೂ ಕೈ ಮುಗಿದ.

“ಬೀಗರ,” ಎಂದರು ಸೊಲ್ಲಾಪುರದವರು, ಈ ಸಲ ಮೆಲ್ಲಗೆ. “ಪೈಪು ಏನ್ರಿ ಅದು?”

ದೊಡ್ಡಪ್ಪ ಬೀಗರನ್ನು ನೋಡಿದ, ಜನರನ್ನು ನೋಡಿದ. ಇನ್ನೂ ಮದುವೆಯ ಅಕ್ಕಿಕಾಳು ಬಿದ್ದಿರದ ಮಗಳು ಅವನ ಕಣ್ಣ ಮುಂದೆ ಬಂದಿರಬೇಕು. ಹಣೆಯ ಬೆವರು ಒರೆಸಿಕೊಂಡು ನಕ್ಕ. ಬಹಳ ಕಷ್ಟದ ನಗು.

“ಅದಾ… ಅದು ಮಂದಿ ಸಲುವಾಗಿನ ಹಾಕ್ಸಿದ್ದರಿ. ಮಿಲ್ಲಿನ ಮುಂದ ದೊಡ್ಡ ನೀರಿನ ಹೌದ ಕಟ್ಟಿಸಿ ಊರಿಗೆಲ್ಲ ನೀರ ಬಿಡಬೇಕಂತ. ನಾಳಿಂದ ಬಿಡತೇನಿ.”

“ನಾಳೆ ಯಾಕ್ರಿ ಸಾವ್ಕಾರ್ರ?” ಗುರುಬಾಯಿ ಮುಂದೆ ಬಂದಳು. “ಕೊಡ ಈಗ ತಂದೇವಿ.”

ಅಲ್ಲಿಂದ ಮುಂದಿನದು ಮೆರವಣಿಗೆ. ಖಾಜಾ ತಾಸೆ ಬಾರಿಸುತ್ತ ಮುಂದೆ, ಅವನ ಹಿಂದೆ ಕೊಡ ಹಿಡಿದ ಹೆಂಗಸರು, ಅವರ ಹಿಂದೆ ಇಡೀ ಸಂತೆ. ಪ್ಯಾರಿಬಿಯೂ ಗುರುಬಾಯಿಯೂ ಮಿಲ್ಲಿನ ವಾಲ್ವನ್ನು ಜೊತೆಯಾಗಿ ತಿರುಗಿಸಿದರು. ಕೆಂಪು ನೀರು ಕೆಮ್ಮಿ ಕೆಮ್ಮಿ ಬಂದು, ಆಮೇಲೆ ತಿಳಿಯಾಗಿ ಧುಮುಕಿತು. ಬೀಗರು ಸ್ವತಃ ಒಂದು ಬೊಗಸೆ ಕುಡಿದು, “ಪುಣ್ಯದ ಕೆಲಸ ಮಾಡೀರಿ ಬೀಗರ” ಎಂದರು. ಚಮನಸಾಬ ದೊಡ್ಡ ಪಾತೇಲಿಯೊಂದಿಗೆ ಪಾಳಿಯಲ್ಲಿ ನಿಂತ.

ಶಾಂತಲಿಂಗಪ್ಪ ಈ ಗದ್ದಲದಲ್ಲಿ ಮೆಲ್ಲಗೆ ಜೇವರ್ಗಿ ಬಸ್ಸಿನ ದಾರಿ ಹಿಡಿದಿದ್ದ. ಹಿಂದಿನಿಂದ ಒಂದು ಕೈ ಅವನ ಮುಂಗೈ ಹಿಡಿಯಿತು. ಮೆತ್ತಗಿದ್ದರೂ ಬಿಡಿಸಿಕೊಳ್ಳಲಾಗದ ಕೈ.

“ಎಲ್ಲಿಗಿ?” ಎಂದ ದೊಡ್ಡಪ್ಪ. ಬೀಗರಿಗೆ ಕಾಣುವಂತೆ ನಗುತ್ತಿದ್ದ. ಹಲ್ಲಿನ ಸಂದಿಯಿಂದ ಬರುತ್ತಿದ್ದ ಮಾತು ಶಾಂತಲಿಂಗಪ್ಪನಿಗೆ ಮಾತ್ರ ಕೇಳುತ್ತಿತ್ತು. “ಮಿಲ್ಲಿಗಿ ನೀರಿಲ್ಲದಂಗ ಮಾಡಿದಿ. ಜೇವರ್ಗಿಗಿ ಹೋಗಿ ಅಲ್ಲೂ ಹಾಡ್ತೀಯಾ? ಮಗಳ ಅಕ್ಕಿಕಾಳು ಬೀಳೂತನಕ ನೀ ಇಲ್ಲೇ ಇರ್ತಿ, ನನ್ನ ಕಣ್ಣ ಮುಂದ. ಮನಿಗಿ ಬಂದ ಪಾವಣ್ಯಾ ಅಂತ ತಿಳಕೋ.”

“ನನ್ನ ಗೆಳ್ಯಾ…”

“ಅಂವ ಹೋಗ್ಲಿ. ಅಂವನ ತಾಸೆದಾಗ ಹೆಸರಿಲ್ಲ.”

ಖಾಜಾ ದೂರದಿಂದ ಕೈ ಬೀಸಿದ. “ಜೇವರ್ಗಿಯವ್ರಿಗಿ ಹೇಳಿ ಬರ್ತೇನಿ ಶಾಂತ್ಯಾ! ಚಿಂತಿ ಮಾಡಬ್ಯಾಡ!” ಎಂದು ಕೂಗಿ ಬಸ್‌ಸ್ಟ್ಯಾಂಡಿನ ಕಡೆ ಹೊರಟೇಬಿಟ್ಟ.

ಸಂಜೆಯ ಹೊತ್ತಿಗೆ ಶಾಂತಲಿಂಗಪ್ಪ ಮಿಲ್ಲಿನೊಳಗೆ ಹತ್ತಿಯ ಅಂಡಿಗೆಯ ಮೇಲೆ ಕೂತಿದ್ದ. ಮುಂದೆ ತಾಟಿನ ತುಂಬ ತುಪ್ಪ ಸುರಿದ ಹೋಳಿಗೆ. ಬಾಗಿಲಲ್ಲಿ ಆ ಎರಡು ಆಳು. ಎದುರಿನ ಮಂಚದ ಮೇಲೆ ದೊಡ್ಡಪ್ಪ, ಬೀಗರನ್ನು ಕಳಿಸಿ ಬಂದವನು, ಮುಖದ ನಗುವನ್ನು ಆಗಷ್ಟೇ ತೆಗೆದಿಟ್ಟು ಕೂತಿದ್ದ. ಹೊರಗೆ ಕೊಡ ತುಂಬುವ ಸದ್ದು, ಹೆಂಗಸರ ನಗು. ಶಾಂತಲಿಂಗಪ್ಪ ಹೋಳಿಗೆ ಮುರಿದು ತಾಟಿನಲ್ಲೇ ಬಿಟ್ಟಿದ್ದ.

ಅಷ್ಟರಲ್ಲಿ ರಸ್ತೆಯಲ್ಲಿ ಬಸ್ಸೊಂದು ಬಂತು. ಅದರೊಳಗಿನಿಂದ ತಾಸೆಯ ಬಡಿತ, ಕಂಡಕ್ಟರನ ಸೀಟಿ, ಬಸ್ಸು ತುಂಬ ಜನರ ಕಂಠ. ಹೊಟ್ಟೆ ಬಂದದ್ದು, ಕಪ್ಪೆ ಅತ್ತದ್ದು, ಪೈಪು ಹೋದದ್ದು, ಎಲ್ಲವೂ ಕಿಟಕಿಗಳಿಂದ ಸುರಿಯುತ್ತ ಮಿಲ್ಲಿನ ಗೋಡೆಗೆ ಬಡಿದು ಮುಂದೆ ಹೋದವು. ಕೊನೆಗೆ ಶಾಂತಲಿಂಗಪ್ಪ ಎಂದೂ ಕೇಳಿರದ ಎರಡು ಹೊಸ ಸಾಲು ಕೂಡ ಇದ್ದವು. ಅವುಗಳಲ್ಲಿ ದೊಡ್ಡಪ್ಪನ ಜೊತೆ ಅವನಿಗೆ ಅಂಟಿಕೊಂಡು ಎದ್ದ ಕುರ್ಚಿಯೂ ಬಂದಿತ್ತು.

ದೊಡ್ಡಪ್ಪ ಕಿವಿಗೊಟ್ಟು ಕೇಳಿದ.

“ಯಾವ ಬಸ್ ಲೇ ಅದು?”

“ಜೇವರ್ಗಿದಿರಬೇಕ್ರಿ,” ಎಂದ ಶಾಂತಲಿಂಗಪ್ಪ ಸಣ್ಣ ದನಿಯಲ್ಲಿ.

ಬಸ್ಸಿನ ಸದ್ದು ಕರಗಿತು. ದೊಡ್ಡಪ್ಪ ನಿಟ್ಟುಸಿರು ಬಿಟ್ಟ.

“ಹಾಡ ಹೋಗಿಬಿಟ್ಟಿತಲ್ಲೋ. ಇನ್ನ ನಿನ್ನ ಹಿಡಕೊಂಡ ಕುಂತು ಏನ್ ಉಪಯೋಗ?”

ಶಾಂತಲಿಂಗಪ್ಪ ತಟ್ಟನೆ ಎದ್ದು ಗಿಟಾರು ಕೈಗೆತ್ತಿಕೊಂಡ. ಆಳುಗಳು ಬಾಗಿಲಿಂದ ಸರಿಯಬೇಕೋ ಬೇಡವೋ ಎಂದು ಸಾವ್ಕಾರನ ಮುಖ ನೋಡಿದರು. ದೊಡ್ಡಪ್ಪ ತಾಟಿನ ಕಡೆ ನೋಡಿದ.

“ಇರ್ಲಿ,” ಎಂದ ಕೊನೆಗೆ, ತಾಟನ್ನು ಅವನ ಮುಂದೆ ಇನ್ನಷ್ಟು ಸರಿಸುತ್ತ. “ಹ್ಯಾಂಗೂ ಹಿಡದಾಗ್ಯದ. ಕುಂಡ್ರು.”